ಯಾವ ವಾರವಾದರೂ ಸರಿ

ರಮಾಮಣಿ ಮನೆಗೆ ಕಂಪ್ಯೂಟರ್ ತಂದದ್ದು ತೊಂಬತ್ತಾರನೇ ಇಸವಿಯಲ್ಲಿ. ರಾಮಕೃಷ್ಣನಗರದ ಆ ಬೀದಿಯಲ್ಲಿ ಆಗ ಇನ್ನಾರ ಮನೆಯಲ್ಲೂ ಅದು ಇರಲಿಲ್ಲ. ಆಟೋದಿಂದ ಇಳಿದ ದೊಡ್ಡ ಪೆಟ್ಟಿಗೆಗಳನ್ನು ನೋಡಿ ಎದುರು ಮನೆಯಾಕೆ, “ಹೊಸ ಟೀವಿಯೇನ್ರೀ?” ಎಂದು ಕೇಳಿದ್ದರು. ಕಂಪ್ಯೂಟರು ಅಂದಾಗ, “ಜಾತಕ ಬರುತ್ತಾ ಅದರಲ್ಲಿ?” ಎಂದು ಮುಂದಿನ ಪ್ರಶ್ನೆ ಬಂತು.

ಅವಳಿಗೆ ಆಗ ನಲವತ್ತರ ಹತ್ತಿರ ವಯಸ್ಸು. ಮಾನಸಗಂಗೋತ್ರಿಯಲ್ಲಿ ಗಣಿತ ಓದಿ, ಊರಾಚೆಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗಕ್ಕೆ ಸೇರಿದವಳು. ಕೆಲಸಗಾರರ ಹಾಜರಿ, ಪಾಳಿ, ರಜೆಗಳನ್ನೆಲ್ಲ ಡೇಟಾಬೇಸಿನಲ್ಲಿ ಇಟ್ಟು, ಯಾರು ಏನು ಕೇಳಿದರೂ ಅದನ್ನು ಹುಡುಕಿ ತೆಗೆದುಕೊಡುವುದು ಅವಳ ಕೆಲಸ. ಮದುವೆ ಆಗಿರಲಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಕಾರಣವೂ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ.

ಅಪ್ಪ ದೊರೆಸ್ವಾಮಿಯವರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದವರು. ಹಳ್ಳಿಯಿಂದ ಓದಲು ಮೈಸೂರಿಗೆ ಬಂದ ಹುಡುಗನಾಗಿದ್ದಾಗ ಅವರು ಅಗ್ರಹಾರದಲ್ಲಿ ವಾರಾನ್ನ ಉಂಡು ಬೆಳೆದಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಎಂಬತ್ತರ ಅಂಚಿಗೆ ಬಂದಿದ್ದರೂ ಯಾವ ವಾರದ ಮನೆಯ ಹುಳಿ ಗಟ್ಟಿ, ಯಾವ ಮನೆಯ ಮಜ್ಜಿಗೆ ನೀರು ಎಂಬುದು ಅವರ ನಾಲಗೆಗೆ ಇನ್ನೂ ನೆನಪಿತ್ತು. ಶುಕ್ರವಾರಕ್ಕೆ ಮಾತ್ರ ಅವರಿಗೆ ಮನೆ ಸಿಕ್ಕಿರಲಿಲ್ಲ. ಕೇಳಿದವರಿಗೆ ಶುಕ್ರವಾರ ಉಪವಾಸದ ವ್ರತ ಅನ್ನುತ್ತಿದ್ದರಂತೆ.

ಕಂಪ್ಯೂಟರ್ ಬಂದ ವರ್ಷವೇ, ಕಾಲೇಜುಗಳು ತೆರೆಯುವ ಹೊತ್ತಿನಲ್ಲಿ, ಶಿವಲಿಂಗಯ್ಯನವರು ಒಂದು ಸಂಜೆ ಬಂದರು. ಅವರು ದೊರೆಸ್ವಾಮಿಯವರ ಹಳೆಯ ಶಿಷ್ಯ. ಮಠವೊಂದು ನಡೆಸುತ್ತಿದ್ದ ಸಣ್ಣ ಉಚಿತ ವಿದ್ಯಾರ್ಥಿನಿಲಯಕ್ಕೆ ವಾರ್ಡನ್.

“ಮಲಗೋಕೆ ಜಾಗ ಬೇಕಾದ್ರೆ ಮಾಡ್ಕೊಡಬಲ್ಲೆ ಮೇಷ್ಟ್ರೇ. ಜಗಲಿ ಇದೆ, ಮೇಲೆ ಹಾಲ್ ಇದೆ. ಬೆಳಿಗ್ಗೆ ಗಂಜಿನೂ ಕೊಟ್ಟೇನು. ರಾತ್ರಿ ಊಟಕ್ಕೆ ಮಾತ್ರ ನಮ್ಮ ಅಡುಗೆಮನೆ ಇನ್ನೊಬ್ಬನನ್ನೂ ತಡೆಯಲ್ಲ. ಕೋಟೆ ತಾಲ್ಲೂಕಿನ ಕಡೆಯಿಂದ, ಕೊಳ್ಳೇಗಾಲದ ಕಡೆಯಿಂದ ಬಂದ ಹುಡುಗರನ್ನ ವಾಪಸ್ ಕಳಿಸ್ತಾ ಇದೀನಿ. ನೋಡೋಕಾಗಲ್ಲ.”

ದೊರೆಸ್ವಾಮಿಯವರು, “ವಾರಾನ್ನ ಮಾಡೋಣ” ಎಂದರು.

ರಮಾಮಣಿಗೆ ನಗು ಬಂತು. “ಈ ಕಾಲದಲ್ಲಿ ಯಾರಪ್ಪಾ ಹಾಕ್ತಾರೆ?”

“ಕೇಳಿದೋರು ಯಾರು? ಕೇಳದೇನೇ ಹಾಕಲ್ಲ ಅಂದ್ರೆ ಹೇಗೆ?”

ಅವರು ಕೇಳಿದರು. ಊರುಗೋಲು ಹಿಡಿದು ಅಗ್ರಹಾರ, ವಿದ್ಯಾರಣ್ಯಪುರಂ ಎಂದು ಹಳೆಯ ಪರಿಚಯದವರ ಬಾಗಿಲು ತಟ್ಟಿದರು. ಶಿವಲಿಂಗಯ್ಯನವರು ತಮ್ಮ ಕಡೆಯವರನ್ನು ಕೇಳಿದರು. ವಾರಕ್ಕೊಂದು ರಾತ್ರಿ ಒಬ್ಬ ಹುಡುಗನಿಗೆ ಊಟ ತಾನೇ ಎಂದು ಜನ ಒಪ್ಪುತ್ತಾ ಹೋದರು. ಮನೆಗಳು ಕೂಡಿಕೊಂಡ ಹಾಗೆ ಗೊಂದಲವೂ ಕೂಡಿಕೊಂಡಿತು. ಒಂದೇ ಮನೆಗೆ ಒಂದೇ ದಿನ ಇಬ್ಬರು ಹೋಗಿ ನಿಂತರು. ಇನ್ನೊಂದು ಮನೆಯಲ್ಲಿ ಪಾಯಸ ಮಾಡಿಕೊಂಡು ಕಾದರು, ಯಾರೂ ಬರಲಿಲ್ಲ. ಆಗ ರಮಾಮಣಿ, “ಆ ಚೀಟಿಗಳನ್ನೆಲ್ಲ ಇಲ್ಲಿ ಕೊಡಿ” ಎಂದಳು.

ಒಂದು ಭಾನುವಾರ ಕೂತು ಅವಳು ಮನೆಗಳ ಪಟ್ಟಿಯನ್ನು ಫಾಕ್ಸ್‌ಪ್ರೋ ಎಂಬ ಡೇಟಾಬೇಸಿನಲ್ಲಿ ಕಟ್ಟಿದಳು. ಏಳು ದಿನಕ್ಕೆ ಏಳು ಕಾಲಂ ಹಾಕಬಹುದಿತ್ತು; ಅವಳು ಒಂದೇ ಕಾಲಂ ಹಾಕಿ ಅದಕ್ಕೆ ‘ವಾರ’ ಎಂದು ಹೆಸರಿಟ್ಟಳು. ಭಾನುವಾರಕ್ಕೆ ಒಂದು, ಸೋಮವಾರಕ್ಕೆ ಎರಡು, ಮಂಗಳವಾರಕ್ಕೆ ನಾಲ್ಕು, ಬುಧವಾರಕ್ಕೆ ಎಂಟು, ಹೀಗೆ ಇಮ್ಮಡಿಯಾಗುತ್ತಾ ಶನಿವಾರಕ್ಕೆ ಅರವತ್ತನಾಲ್ಕು. ಸೋಮವಾರ, ಗುರುವಾರ ಊಟ ಹಾಕುವ ಮನೆಗೆ ಎರಡು ಮತ್ತು ಹದಿನಾರು ಕೂಡಿ ಹದಿನೆಂಟು.

“ಹದಿನೆಂಟು ಅಂದ್ರೆ ಬೇರೆ ಯಾವ ಎರಡು ದಿನವೂ ಆಗಬಾರದೋ?” ದೊರೆಸ್ವಾಮಿಯವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದರು.

“ಆಗೋದಿಲ್ಲಪ್ಪಾ. ಎಷ್ಟೇ ದಿನ ಕೂಡಿದ್ರೂ ಮೊತ್ತ ನೋಡಿದ್ರೆ ಯಾವ ಯಾವ ದಿನ ಅಂತ ಬಿಡಿಸಿ ಹೇಳಬಹುದು. ಆ ಅಂಕಿಯೊಳಗೆ ಏಳು ಖಾನೆ ಇದೆ ಅಂದ್ಕೊಳ್ಳಿ. ಊಟ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ.”

ಅಪ್ಪ ಕನ್ನಡಕ ಸರಿಮಾಡಿಕೊಂಡರು. “ಇದು ಪ್ರಸ್ತಾರ ಕಣಮ್ಮ! ಲಘು, ಗುರು, ಅಷ್ಟೇ. ಏಳು ಅಕ್ಷರದ ಪಾದಕ್ಕೆ ನೂರ ಇಪ್ಪತ್ತೆಂಟು ಪ್ರಸ್ತಾರ ಅಂತ ಬೋರ್ಡಿನ ಮೇಲೆ ಹಾಕಿ ತೋರಿಸ್ತಿದ್ದೆ ಹುಡುಗರಿಗೆ. ಅವರು ಆಕಳಿಸೋರು.”

ಬುಧವಾರ ಯಾವ ಮನೆ ಸಿಗುತ್ತದೆ ಎಂದು ಹುಡುಕಬೇಕಾದರೆ, ಬುಧವಾರದ ಎಂಟನ್ನು ಪ್ರತಿಯೊಂದು ಮನೆಯ ಅಂಕಿಯ ಮೇಲೆ ಇಟ್ಟು ನೋಡು ಎಂದು ಒಂದು ಸಾಲು ಬರೆದರೆ ಆಯಿತು. ಬಿಟ್‌ಆ್ಯಂಡ್ ಎಂದು ಅದಕ್ಕೆ ಹೆಸರು. ಎರಡರಲ್ಲೂ ಇರುವುದನ್ನು ಮಾತ್ರ ಅದು ಉಳಿಸುತ್ತದೆ. ಎಂಟು ಉಳಿದರೆ ಆ ಮನೆಯಲ್ಲಿ ಬುಧವಾರ ಊಟ ಉಂಟು, ಸೊನ್ನೆ ಉಳಿದರೆ ಇಲ್ಲ. ಒಬ್ಬ ಹುಡುಗನಿಗೆ ಗೊತ್ತುಮಾಡಿದ ಮನೆಗಳ ದಿನಗಳನ್ನೆಲ್ಲ ಸೇರಿಸಿದರೆ ನೂರ ಇಪ್ಪತ್ತೇಳು ಬರಬೇಕು. ಕಡಿಮೆ ಬಂದರೆ ಯಾವುದೋ ರಾತ್ರಿ ಅವನಿಗೆ ಊಟವಿಲ್ಲ ಎಂದು ಅರ್ಥ. ಕಾರ್ಖಾನೆಯಲ್ಲಿ ಪಾಳಿಗಳಿಗೆ ಮಾಡುತ್ತಿದ್ದ ಕೆಲಸವೇ ಇದು. ಆದರೆ ಶುಕ್ರವಾರದ ಮೂವತ್ತೆರಡು ಎಲ್ಲ ಹುಡುಗರ ಮೊತ್ತದೊಳಗೂ ಇದೆ ಎಂದು ಗೊತ್ತಾದ ದಿನ ಅಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದರು.

ಅಪ್ಪ ತಂದ ಚೀಟಿಗಳಲ್ಲಿ ಕೆಲವಕ್ಕೆ ಮೂಲೆಯಲ್ಲಿ ‘ನಮ್ಮವರು’ ಎಂಬ ಒಂದು ಪದವಿತ್ತು. ನಮ್ಮವರ ಹುಡುಗನಾದರೆ ಮಾತ್ರ ಕಳಿಸಿ ಎಂದು ಅರ್ಥ. ರಮಾಮಣಿಗೆ ಅದು ಹಿಡಿಸಲಿಲ್ಲ. ಆದರೂ ಮನೆ ಬಿಟ್ಟುಹೋಗುವುದಕ್ಕಿಂತ ಇರಲಿ ಎಂದುಕೊಂಡಳು. ಹುಡುಗ ಹೋಗಿ ಬಾಗಿಲಲ್ಲಿ ಅವಮಾನ ಪಟ್ಟುಕೊಂಡು ಬರುವುದೂ ಬೇಡವಾಗಿತ್ತು. ಏಳು ದಿನದ ಪಕ್ಕದಲ್ಲಿ ಎಂಟನೆಯ ಜಾಗ ಖಾಲಿ ಇತ್ತು. ಅಂಥ ಮನೆಗಳಿಗೆ ನೂರ ಇಪ್ಪತ್ತೆಂಟನ್ನು ಸೇರಿಸಿಟ್ಟಳು. ಆ ಅಂಕಿ ಇದ್ದ ಮನೆಗಳನ್ನು ಬೇರೆ ತೆಗೆದು, ಹುಡುಗರ ಹೆಸರು ನೋಡಿ ತಾನೇ ಕೈಯಾರೆ ಹೊಂದಿಸುತ್ತಿದ್ದಳು. ಕೆಲವು ತಿಂಗಳಲ್ಲಿ ಅದೂ ಅಭ್ಯಾಸವಾಯಿತು.

ಹೀಗೆ ಎರಡು ವರ್ಷ ನಡೆಯಿತು.

ಒಂದು ಭಾನುವಾರ ಬೆಳಿಗ್ಗೆ ಗೇಟಿನ ಸದ್ದಾಯಿತು. ಅರವತ್ತು ದಾಟಿದ, ಬಿಳಿ ಸೀರೆಯ ಮೇಲೆ ಕಂದು ಶಾಲು ಹೊದ್ದ ಹೆಂಗಸೊಬ್ಬರು ಗೇಟಿನ ಹೊರಗೇ ನಿಂತಿದ್ದರು. ಒಳಗೆ ಬನ್ನಿ ಅಂದರೂ ವರಾಂಡದ ಮೆಟ್ಟಿಲ ತನಕ ಬಂದು ನಿಂತರು. ಹೆಸರು ಚಾಮುಂಡಮ್ಮ, ಮನೆ ಅಶೋಕಪುರಂ. ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ತೀರಿಕೊಂಡವರು. ಮಗಳನ್ನು ನಂಜನಗೂಡಿಗೆ ಕೊಟ್ಟಿದೆ.

“ಹಾಸ್ಟೆಲ್ ಅಯ್ಯನೋರ ಹತ್ರ ಹೆಸ್ರು ಕೊಟ್ಟಿದ್ದೆ ಕಣವ್ವ. ಕೊಟ್ಟು ಎರಡು ವರ್ಸ ಆಯ್ತಾ ಬಂತು. ಒಬ್ಬ ಮಗನೂ ಉಣ್ಣಕ್ಕೆ ಬರ್ನಿಲ್ಲ. ಅಯ್ಯನೋರ ಕೇಳುದ್ರೆ, ಎಲ್ಲ ಆ ಅಮ್ಮನ ಕಂಪ್ಯೂಟ್ರೇ ಏಳೋದು ಅಂದ್ರು. ಅದ್ಕೆ ಬಂದೆ.”

ರಮಾಮಣಿ ಅವರನ್ನು ಒತ್ತಾಯ ಮಾಡಿ ಒಳಗೆ ಕರೆದು ಕುರ್ಚಿ ಕೊಟ್ಟಳು. ಕುರ್ಚಿಯ ತುದಿಯಲ್ಲಿ ಕೂತರು. ಕಂಪ್ಯೂಟರ್ ಹಾಕಿ ಹೆಸರು ಹುಡುಕಿದಳು. ಹೆಸರಿತ್ತು, ವಿಳಾಸವಿತ್ತು. ‘ವಾರ’ ಎಂಬಲ್ಲಿ ಸೊನ್ನೆ.

“ನೀವು ಯಾವ ದಿನ ಅಂತ ಹೇಳಿದ್ರಿ ಅಮ್ಮಾ?”

“ಯಾವ ದಿನ ಅಂತ ಏಳ್ಲಿ? ನಂಗೆ ಎಲ್ಲಾ ದಿನವೂ ಒಂದೇಯ. ಯಾವ ವಾರ ಆದ್ರೂ ಸರಿ, ಯಾರ್ನಾದ್ರೂ ಕಳ್ಸಿ ಅಂದಿದ್ದೆ.”

ರಮಾಮಣಿಗೆ ಆ ಕ್ಷಣವೇ ಗೊತ್ತಾಗಿಹೋಯಿತು. ಶಿವಲಿಂಗಯ್ಯನವರ ಚೀಟಿಯಲ್ಲಿ ದಿನ ಬರೆದಿರಲಿಲ್ಲ. ಕಾರ್ಖಾನೆಯಿಂದ ದಣಿದು ಬಂದ ಯಾವುದೋ ಸಂಜೆ ಅವಳು ಹೆಸರು, ವಿಳಾಸ ತುಂಬಿ, ಪರದೆಯ ಮೇಲೆ ದಿನಗಳಿಗಿದ್ದ ಏಳು ಚೌಕಗಳಲ್ಲಿ ಒಂದನ್ನೂ ಗುರುತು ಮಾಡದೆ ಮುಂದೆ ಹೋಗಿದ್ದಳು. ಪ್ರೋಗ್ರಾಂ ಕೂಡಿಸಲು ಏನೂ ಸಿಗದೆ ಸೊನ್ನೆ ಬರೆದಿತ್ತು. ಆ ಮೇಲೆ ಸೋಮವಾರ ಯಾರು ಎಂದು ಕೇಳಿದಾಗ, ಶನಿವಾರ ಯಾರು ಎಂದು ಕೇಳಿದಾಗ, ಪ್ರತಿ ಸಲವೂ ಚಾಮುಂಡಮ್ಮನವರ ಮನೆ ಇಲ್ಲ ಎಂದೇ ಉತ್ತರ ಕೊಟ್ಟಿತ್ತು. ಎಲ್ಲ ದಿನವೂ ಆದೀತು ಎಂದವರಿಗೂ ಒಂದು ದಿನವೂ ಆಗದು ಎಂದವರಿಗೂ ಅವಳು ಒಂದೇ ಗುರುತು ಇಟ್ಟಿದ್ದಳು.

“ತಪ್ಪು ನಂದೇ ಅಮ್ಮಾ. ನಾನು ದಿನ ಹಾಕದೇ ಬಿಟ್ಟಿದ್ದೀನಿ. ಬೇರೇನೂ ಇಲ್ಲ.”

ಚಾಮುಂಡಮ್ಮ ಪರದೆಯನ್ನೂ ಅವಳ ಮುಖವನ್ನೂ ನೋಡಿದರು. “ಬೇರೆ ಏನೂ ಇಲ್ಲ ತಾನೆ? ನಮ್ ಕೇರಿ ಎಸ್ರು ನೋಡಿ ಬುಟ್ಬುಟ್ರೇನೋ ಅನ್ಕಂಡಿದ್ದೆ. ನಮ್ಮೆಜಮಾನ್ರು ಓದಕ್ಕೆ ಅಂತ್ಲೇ ಈ ಊರಿಗೆ ಬಂದಿದ್ದೋರು. ಉಣ್ಣಕ್ಕೆ ಎಲ್ಲೂ ದಾರಿ ಕಾಣ್ದೆ ವರ್ಕ್‌ಶಾಪ್ ಸೇರ್ಕಂಡ್ರು. ಅದ್ಕೇ ಇದು ಕೇಳ್ದಾಗ ನಂಗೆ ಆಸೆ ಆಯ್ತು.” ಆಮೇಲೆ ನಿಜವಾಗಿ ತಿಳಿದುಕೊಳ್ಳುವವರ ಹಾಗೆ, “ಕಂಪ್ಯೂಟ್ರಿಗೆ ಅದೆಲ್ಲ ಗೊತ್ತಾಯ್ತದಾ?” ಎಂದು ಕೇಳಿದರು.

ಇಲ್ಲ ಎಂದು ಹೇಳಲು ರಮಾಮಣಿ ಬಾಯಿ ತೆರೆದಳು. ಪರದೆಯಲ್ಲಿ ಚಾಮುಂಡಮ್ಮನವರ ಸಾಲಿನ ಮೇಲಿನ ಸಾಲು ವಿದ್ಯಾರಣ್ಯಪುರದ ಶಾಂತಾದೇವಿಯವರದು. ಅದರ ಎದುರಿಗೆ ನೂರ ತೊಂಬತ್ತಾರು. ನಾಲ್ಕು ಅಂದರೆ ಮಂಗಳವಾರ, ಅರವತ್ತನಾಲ್ಕು ಅಂದರೆ ಶನಿವಾರ; ಉಳಿದದ್ದು ನೂರ ಇಪ್ಪತ್ತೆಂಟು, ‘ನಮ್ಮವರು’.

“ನಿಮ್ಮ ವಿಷಯದಲ್ಲಿ ಅದಲ್ಲ ಅಮ್ಮಾ” ಎಂದಷ್ಟೇ ಹೇಳಿದಳು. ಚಾಮುಂಡಮ್ಮ ಕಾಫಿ ಕುಡಿದು, ಲೋಟ ಎಲ್ಲಿ ತೊಳೆದಿಡಲಿ ಎಂದು ಕೇಳಿದರು. “ಇಲ್ಲೇ ಕೊಡಿ” ಎಂದು ರಮಾಮಣಿ ಕಸಿದುಕೊಂಡಳು.

ಅವರು ಹೋದ ಮೇಲೆ ‘ವಾರ’ ಸೊನ್ನೆ ಇರುವ ಮನೆಗಳು ಯಾವುವು ಎಂದು ಕೇಳಿದಳು. ಇನ್ನೂ ನಾಲ್ಕು ಮನೆ ಬಂದವು. ಮುಂದಿನ ದಿನಗಳಲ್ಲಿ ಕಾರ್ಖಾನೆಯಿಂದ ಬರುತ್ತಾ ಒಂದೊಂದಕ್ಕೂ ಹೋದಳು. ಒಬ್ಬರು ಮನೆ ಬಿಟ್ಟುಹೋಗಿದ್ದರು. ಒಬ್ಬರು, “ಈಗ ಜ್ಞಾಪಕ ಬಂತಾ?” ಎಂದು ರೇಗಿ ಬಾಗಿಲು ಹಾಕಿಕೊಂಡರು. ಉಳಿದ ಇಬ್ಬರೂ ಚಾಮುಂಡಮ್ಮನವರ ಮಾತನ್ನೇ ಹೇಳಿದರು: ನೀವೇ ಒಂದು ದಿನ ನೋಡಿ ಹೇಳಿ ಅಂದಿದ್ದೆವಲ್ಲ.

ಅದು ಸರಿಹೋಯಿತು. ದಿನ ತುಂಬದೆ ಮುಂದೆ ಹೋಗಲು ಬಿಡದ ಹಾಗೆ ಪ್ರೋಗ್ರಾಂ ತಿದ್ದಿದಳು. ಉಳಿದದ್ದು ಆ ಎಂಟನೆಯ ಅಂಕಿ. ಎಲ್ಲ ಮನೆಗಳ ಅಂಕಿಯನ್ನೂ ನೂರ ಇಪ್ಪತ್ತೇಳರ ಜೊತೆ ಬಿಟ್‌ಆ್ಯಂಡ್ ಮಾಡಿಬಿಟ್ಟರೆ ಏಳು ದಿನ ಇದ್ದ ಹಾಗೇ ಇದ್ದು ಅದೊಂದೇ ಅಳಿಸಿಹೋಗುತ್ತದೆ. ಒಂದೇ ಸಾಲಿನ ಕೆಲಸ. ಅವಳು ಅದನ್ನು ಬರೆದೂ ಬರೆದಳು. ಆದರೆ ಎಂಟರ್ ಒತ್ತಲಿಲ್ಲ. ಅಂಕಿ ಅಳಿಸಿದ ಮಾತ್ರಕ್ಕೆ ಆ ಮನೆಯವರ ಮನಸ್ಸು ಅಳಿಸುತ್ತದೆಯೇ? ಮಂಗಳವಾರ ಯಾವನೋ ಹುಡುಗ ಹಸಿದುಕೊಂಡು ಶಾಂತಾದೇವಿಯವರ ಮನೆ ಬಾಗಿಲಲ್ಲಿ ನಿಂತರೆ, ನೀನು ನಮ್ಮ ಪೈಕಿಯವನೇ ಎಂಬ ಪ್ರಶ್ನೆಯನ್ನು ಅವನೇ ಎದುರಿಸಬೇಕು. ಬರೆದ ಸಾಲನ್ನು ಅಳಿಸಿ, ಮಾರನೆಯ ದಿನ ವಿದ್ಯಾರಣ್ಯಪುರಕ್ಕೆ ಹೊರಟಳು.

ಶಾಂತಾದೇವಿಯವರು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ರಮಾಮಣಿ ಸುತ್ತಿ ಬಳಸಿ ವಿಷಯಕ್ಕೆ ಬಂದಾಗ ಅವರು ಮೊರ ಕೆಳಗಿಟ್ಟರು.

“ಅಯ್ಯೋ, ನಾನೆಲ್ಲಿ ಹಾಗಂದೆ ರಮಾ? ನಿಮ್ಮ ತಂದೆಯವರೇ ಕೇಳಿದ್ದು. ‘ನಮ್ಮವರ ಹುಡುಗನ್ನೇ ಕಳಿಸಲೇನಮ್ಮಾ?’ ಅಂದ್ರು. ದೊಡ್ಡೋರು ಕೇಳ್ತಾ ಇದಾರೆ, ಹೂಂ ಅಂದೆ. ಬೇಡ ಅನ್ನೋಕೆ ನಂಗೆ ಹೊಳೀಲೂ ಇಲ್ಲ.”

ಮನೆಗೆ ವಾಪಸು ನಡೆದೇ ಬಂದಳು. ಬಸ್ಸು ಎದುರಿಗೇ ಬಂದು ನಿಂತರೂ ಹತ್ತಬೇಕು ಅನ್ನಿಸಲಿಲ್ಲ. ಅಪ್ಪ ವರಾಂಡದಲ್ಲಿ ಪೇಪರ್ ಹಿಡಿದು ಕೂತಿದ್ದರು.

“ಅಪ್ಪಾ, ಆ ಚೀಟಿಗಳಲ್ಲಿ ‘ನಮ್ಮವರು’ ಅಂತ ಇತ್ತಲ್ಲ. ಅವರು ಹೇಳಿದ್ದಾ, ನೀವು ಕೇಳಿದ್ದಾ?”

ದೊರೆಸ್ವಾಮಿಯವರು ಪೇಪರ್ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡರು. “ಕೆಲವರು ಹೇಳಿದ್ರು” ಎಂದರು. ಆಮೇಲೆ, “ಹೆಚ್ಚಿಗೆ ನಾನೇ ಕೇಳಿದೆ” ಎಂದರು.

“ಯಾಕಪ್ಪಾ?”

“ಯಾಕೆ ಅಂದ್ರೆ ಏನು ಹೇಳ್ಲಿ. ನನಗೆ ಅನ್ನ ಹಾಕಿದ ಪ್ರತಿ ಮನೆಯಲ್ಲೂ ಮೊದಲು ಅದನ್ನೇ ಕೇಳಿದ್ರು. ಯಾರ ಮಗ, ಯಾವ ಗೋತ್ರ, ಸಂಧ್ಯಾವಂದನೆ ಬರುತ್ತಾ. ಅದನ್ನ ಕೇಳೋದೇ ಕ್ರಮ ಅಂತ ತಲೇಲಿ ಕೂತಿತ್ತು. ಅವರಿಗೆ ಅನುಕೂಲ ಮಾಡ್ತಿದೀನಿ ಅಂದ್ಕೊಂಡೆ.”

ಅವಳು ಚಾಮುಂಡಮ್ಮ ಬಂದದ್ದು, ಅವರು ಕೇಳಿದ್ದು, ಎಲ್ಲವನ್ನೂ ಹೇಳಿದಳು. ಆ ಭಾನುವಾರ ಬೆಳಿಗ್ಗೆ ಅಪ್ಪ ವಾಕಿಂಗ್ ಹೋಗಿದ್ದರು. ಅವರಿಗೆ ಏನೂ ತಿಳಿದಿರಲಿಲ್ಲ. ಎರಡು ವರ್ಷ ಕಾದರು ಎಂಬಲ್ಲಿ ಮಾತ್ರ ತಲೆಯೆತ್ತಿ, “ದಿನಾ ಕಾದರೇನು?” ಎಂದು ಕೇಳಿದರು. ಗೊತ್ತಿಲ್ಲ ಎಂದಳು.

ಮಾರನೆಯ ಬೆಳಿಗ್ಗೆ ಅವಳು ಕಾರ್ಖಾನೆಗೆ ಹೊರಡುವಷ್ಟರಲ್ಲಿ ಅಪ್ಪ ಜುಬ್ಬ ಹಾಕಿ ಊರುಗೋಲು ಹಿಡಿದು ನಿಂತಿದ್ದರು. “ಆ ಮನೆಗಳ ಹೆಸರು ಒಂದು ಕಾಗದದ ಮೇಲೆ ಪ್ರಿಂಟ್ ಮಾಡಿಕೊಡು. ಕೇಳಿದೋನು ನಾನು. ನಾನೇ ಹೋಗಿ ಬರಬೇಕು.”

“ನಾನು ಭಾನುವಾರ ಜೊತೆಗೆ ಬರ್ತೀನಿ.”

“ಬೇಡ. ನೀನಿದ್ರೆ ಅವರು ನಿನ್ನ ಮುಖ ನೋಡಿ ಮಾತಾಡ್ತಾರೆ.”

ಒಂದು ತಿಂಗಳು ಅವರು ಅದನ್ನೇ ಮಾಡಿದರು. ದಿನಕ್ಕೊಂದು ಮನೆ, ಮಂಡಿ ನೋವಿದ್ದರೆ ಅದೂ ಇಲ್ಲ. ಸಂಜೆ ಬಂದು ಚುಟುಕಾಗಿ ವರದಿ ಒಪ್ಪಿಸುತ್ತಿದ್ದರು. “ಅಳಿಸಿಬಿಡು.” “ಇವರದೂ ಅಳಿಸು, ಅವರ ಹೆಂಡತಿ ನನಗೇ ಬುದ್ಧಿ ಹೇಳಿದಳು.” ಶಾಂತಾದೇವಿಯವರು ಯಾರನ್ನಾದರೂ ಕಳಿಸಿ ಎಂದರಂತೆ. ಅಗ್ರಹಾರದ ಒಂದು ಮನೆಯಲ್ಲಿ ಹಜಾರದಲ್ಲಿ ಎಲೆ ಹಾಕುತ್ತೇವೆ, ಒಳಗೆ ಬೇಡ ಎಂದರಂತೆ. ಅದನ್ನು ಹೇಳಿ ಅಪ್ಪ ತಾವೇ, “ಹಾಗಾದ್ರೆ ಬೇಡ ಅಂತ ಬಂದೆ” ಎಂದರು. ಅವರ ಜೊತೆಯಲ್ಲೇ ಓದಿದ್ದ ಹಳೆಯ ಸ್ನೇಹಿತರೊಬ್ಬರು, “ಈ ವಯಸ್ಸಲ್ಲಿ ನಿನಗ್ಯಾಕೋ ಇದೆಲ್ಲ?” ಎಂದು ಬೈದು ಕಳಿಸಿದರು. ಆ ದಿನ ಅಪ್ಪ ಊಟ ಸರಿಯಾಗಿ ಮಾಡಲಿಲ್ಲ.

ಕೊನೆಗೆ ಒಪ್ಪದೆ ಉಳಿದವು ಆರು ಮನೆ. ಅವನ್ನು ಬಿಡುವುದೋ ಇಟ್ಟುಕೊಳ್ಳುವುದೋ ಎಂದು ರಮಾಮಣಿ ಶಿವಲಿಂಗಯ್ಯನವರನ್ನು ಕೇಳಿದಳು.

“ಬಿಡೋಣ ಅನ್ನೋಕೆ ನನಗೂ ಇಷ್ಟವೇ. ಆದ್ರೆ ವಾರಕ್ಕೆ ಅಷ್ಟು ಊಟ ಹೋಯ್ತದಲ್ಲಮ್ಮ. ಹುಡುಗರ ಹೊಟ್ಟೆಗೆ ನಮ್ಮ ನ್ಯಾಯ ಗೊತ್ತಾಗಲ್ಲ.”

ಆಗ ರಮಾಮಣಿ ಅಶೋಕಪುರಕ್ಕೆ ಹೋಗಿ ಚಾಮುಂಡಮ್ಮನವರನ್ನು ಕಂಡಳು. ಅವರ ಮನೆಗೆ ವಾರಕ್ಕೆರಡು ದಿನ ಹುಡುಗರು ಬರಲು ಆಗಲೇ ಶುರುವಾಗಿತ್ತು. ಈ ಸಲ ಅವಳು ಏನನ್ನೂ ಮುಚ್ಚಿಡಲಿಲ್ಲ. ಎಂಟನೆಯ ಅಂಕಿ, ಅದನ್ನು ತಾನೇ ಇಟ್ಟದ್ದು, ಅಪ್ಪ ಮನೆ ಮನೆ ತಿರುಗಿದ್ದು, ಒಪ್ಪದೆ ಉಳಿದವರು, ಎಲ್ಲ ಹೇಳಿದಳು. ಚಾಮುಂಡಮ್ಮ ಒಲೆಯ ಮುಂದಿನಿಂದ ಏಳದೆಯೇ ಕೇಳಿಸಿಕೊಂಡರು.

“ಅದು ಇರ್ತದೆ ಅಂತ ನಂಗೊತ್ತಿತ್ತು ಬುಡವ್ವ. ಇಲ್ದೆ ಇದ್ರೆ ಆಶ್ಚರ್ಯ ಪಡ್ತಿದ್ದೆ.” ಹುರುಳಿ ಸಾರಿಗೆ ಒಗ್ಗರಣೆ ಹಾಕಿ, ಸೀರೆ ಸೆರಗಿನಲ್ಲಿ ಕೈ ಒರೆಸಿಕೊಂಡರು. “ಈಗೇನು, ಎಷ್ಟು ಊಟ ಕಮ್ಮಿ ಬೀಳ್ತದೆ?”

ಅವಳು ಹೇಳಿದಳು.

“ಎಲ್ಲಾ ದಿನವೂ ಹಾಕ್ಕೋ. ನಾನು ಮೊದ್ಲೇ ಏಳಿರ್ನಿಲ್ವಾ?”

ಚಾಮುಂಡಮ್ಮನವರ ಎದುರಿಗೆ ನೂರ ಇಪ್ಪತ್ತೇಳು ಬಿತ್ತು. ಆಕೆ ಅಕ್ಕಪಕ್ಕದವರನ್ನೂ ಒಪ್ಪಿಸಿದರು. ಆ ಬೀದಿಯಿಂದಲೇ ಇನ್ನಷ್ಟು ಮನೆಗಳು ಸೇರಿಕೊಂಡವು. ಆರು ಮನೆಗಳನ್ನು ಪಟ್ಟಿಯಿಂದ ತೆಗೆದ ಮೇಲೆ ರಮಾಮಣಿ ಆ ಒಂದು ಸಾಲನ್ನು ಮತ್ತೆ ಬರೆದು ಒತ್ತಿದಳು. ಇಷ್ಟು ಸಾಲು ಬದಲಾದವು ಎಂದು ಪರದೆಯ ಕೆಳಗೆ ಮೂಡಿತು. ಅಪ್ಪ ಪಕ್ಕದಲ್ಲಿದ್ದರು. “ಆಯ್ತೇ?” ಎಂದರು. “ಆಯ್ತಪ್ಪಾ” ಎಂದಳು. ಅವರು ಎದ್ದು ಸ್ನಾನಕ್ಕೆ ಹೋದರು.

ದೊರೆಸ್ವಾಮಿಯವರು ಎರಡು ಸಾವಿರದ ಎರಡರಲ್ಲಿ ತೀರಿಕೊಂಡರು. ಚಾಮುಂಡಮ್ಮನವರ ಮನೆಗೆ ಅವರು ಒಮ್ಮೆ ಹೋಗಿದ್ದುಂಟು. ಮಜ್ಜಿಗೆ ಕುಡಿದು ಬಂದರು, ಊಟ ಮಾಡಲಿಲ್ಲ. ಮಾಡಬೇಕಿತ್ತು ಎಂದು ಆಮೇಲೆ ಒಂದು ಸಲ ಮಗಳ ಹತ್ತಿರ ಹೇಳಿದ್ದರು. ಮತ್ತೆ ಹೋಗಲು ಕಾಲು ಬರಲಿಲ್ಲ.

ರಮಾಮಣಿ ಪಟ್ಟಿಯನ್ನು ಫಾಕ್ಸ್‌ಪ್ರೋದಿಂದ ಹೊಸ ಡೇಟಾಬೇಸಿಗೆ ಸಾಗಿಸಿದಳು. ಬಿಟ್‌ಆ್ಯಂಡ್ ಎಂದು ಬರೆಯುವ ಕಡೆ ಈಗ ಒಂದೇ ಒಂದು ಚಿಹ್ನೆ ಸಾಕಾಯಿತು. ಹೊಸ ಹಾಸ್ಟೆಲುಗಳು ಬಂದವು, ವಿದ್ಯಾರ್ಥಿವೇತನ ಬಂತು. ಊಟ ಕೇಳಿ ಬರುವ ಹುಡುಗರು ಕಡಿಮೆಯಾಗಿ, ಹುಡುಗಿಯರು ಬರತೊಡಗಿದರು. ಚಾಮುಂಡಮ್ಮನವರಿಗೂ ಮೈಯಲ್ಲಿ ಕಸುವು ಇಳಿಯಿತು. “ಮಂಗಳವಾರ ಒಂದು ಬುಟ್ಬುಡವ್ವ, ಆಸ್ಪತ್ರೆಗೆ ಓಗ್ಬೇಕು” ಎಂದು ಒಂದು ವರ್ಷ, “ಶನಿವಾರ ಮಗಳು ಬತ್ತಾಳೆ” ಎಂದು ಇನ್ನೊಂದು ವರ್ಷ. ಪ್ರತಿ ಸಲವೂ ರಮಾಮಣಿ ಆ ದಿನದ ಅಂಕಿಯನ್ನು ಕಳೆಯುತ್ತಾ ಬಂದಳು. ಎರಡು ಸಾವಿರದ ಆರರ ಹೊತ್ತಿಗೆ ಭಾನುವಾರ ಮಾತ್ರ ಉಳಿದಿತ್ತು.

ಆ ವರ್ಷ ಒಂದು ಭಾನುವಾರ ರಮಾಮಣಿ ಹೋದಾಗ ಚಾಮುಂಡಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಅವರೆಕಾಳು ಹಿಸುಕುತ್ತಿದ್ದರು. ಅಡುಗೆಮನೆಯಲ್ಲಿ ಕೋಟೆ ಕಡೆಯ ಲಾಸ್ಯ ಎಂಬ ಹುಡುಗಿ ಮುದ್ದೆ ತಿರುವುತ್ತಿದ್ದಳು. ಬಿ.ಎಸ್‌ಸಿ. ಓದುತ್ತಿದ್ದವಳು.

“ಉಣ್ಣಕ್ಕೆ ಬಂದೋಳು ಅಡುಗೆಗೇ ನಿಂತ್ಕಂಡವ್ಳೆ” ಎಂದರು ಚಾಮುಂಡಮ್ಮ. “ನಾನು ತಿರುವುದ್ರೆ ಗಂಟಾಯ್ತದಂತೆ. ಈ ವಯಸ್ಸಲ್ಲಿ ನಂಗೇ ಏಳ್ತಾಳೆ ನೋಡು.”

“ಗಂಟಾಗುತ್ತೆ ಅಜ್ಜಿ, ನಿಜ್ವಾಗ್ಲೂ” ಎಂದು ಒಳಗಿನಿಂದ ದನಿ ಬಂತು.

ರಮಾಮಣಿ ಪಕ್ಕದಲ್ಲಿ ಕೂತು ಒಂದು ಹಿಡಿ ಕಾಳು ತನ್ನ ಮುಂದಕ್ಕೆ ಎಳೆದುಕೊಂಡಳು.